ಬೀಜಕ್ಕೆ ಬಿಟ್ಟ ಮುಳಗಾಯಿ

ಗಿರಾಕಿಯ ಎದೆಯಳತೆ ತೆಗೆದ ಟೇಪಿನಿಂದಲೇ ಬದನೆ ಗಿಡಗಳ ನಡುವಿನ ಅಂತರ ಅಳೆಯುವವರನ್ನು ನಾನು ಕಂಡದ್ದು ಒಬ್ಬರನ್ನೇ. ಬೆಟಗೇರಿಯ ಟೇಲರ್ ಇಮಾಮಸಾಬರು. ನಮ್ಮ ಹಿತ್ತಿಲನ್ನು ಅಳೆಯುವಾಗ ಅವರ ಮುಖ, ಕೋಟಿಗೆಂದು ಕರವಸ್ತ್ರದಷ್ಟು ಬಟ್ಟೆ ತಂದವನನ್ನು ನೋಡುವ ಹಾಗಿತ್ತು. ನನಗೆ ಆಗಲೇ ಸಿಟ್ಟು ಬಂತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆಲ್ಲ ಏಕಾಏಕಿ ಒಂದು ಗಾಂಭೀರ್ಯ ಬಂದಿತ್ತು. ಚಹಾದಂಗಡಿಯವರು ಕೂಡ ಬೋರ್ಡಿನ ಮೇಲೆ ‘ಜಿಲ್ಲಾ ಕೇಂದ್ರ’ ಎಂದು ಬರೆಸಿಕೊಂಡಿದ್ದರು. ಹೈಸ್ಕೂಲು ಮಾಸ್ತರನಾದ ನಾನೊಬ್ಬ ಹಿಂದೆ ಬೀಳಬಾರದೆಂದು ಹಿತ್ತಿಲನ್ನು ಅಭಿವೃದ್ಧಿಪಡಿಸಲು ನಿಶ್ಚಯಿಸಿ, ಪೇಟೆಯಿಂದ ಮೂರು ಬೀಜದ ಪಾಕೀಟು ತಂದೆ. ಟೊಮೆಟೊ, ಡಬ್ಬು ಮೆಣಸಿನಕಾಯಿ, ಉದ್ದನೆಯ ನೇರಳೆ ಬದನೆ. ಇಮಾಮಸಾಬರ ಅಂಗಡಿ ನಮ್ಮ ಮನೆಯ ಎದುರಿಗೇ. ಕೈಬೀಸಿ ಕರೆದರು. ಪಾಕೀಟುಗಳನ್ನು ಇಸಿದುಕೊಂಡು ಕೋರ್ಟಿನ ಸಮನ್ಸ್ ಓದುವಂತೆ ಓದಿದರು.

“ಮಾಸ್ತರ, ಈ ಟಮಾಟಿ ಲಾರಿ ಏರಿ ದಿಲ್ಲಿಗೆ ಹೋಗಾಕ ಹುಟ್ಟೇತ್ರಿ. ತೊಗಲ ದಪ್ಪ. ನಿಮ್ಮ ಟಮಾಟಿ ಹೋಗೂದು ಹಿತ್ತಲದಿಂದ ಒಲಿ ತನಕ. ಅಷ್ಟ ದೂರಕ್ಕ ಇಂಥಾ ಕೋಟು ಯಾಕ ಹೊಲಸ್ತೀರಿ?”

“ಮತ್ತ ಡಬ್ಬು ಮೆಣಸಿನಕಾಯಿ?” ಅಂದೆ.

“ನಮ್ಮ ಬಿಸಲಿಗೆ ಹೂವ ಉದುರತೈತಿ. ಆಮ್ಯಾಲೆ ನೀವು ಬಂದು ನನ್ನ ಮುಂದ ಅಳ್ತೀರಿ. ನನಗ ಕೆಲಸ ಇರತೈತ್ರಿ.”

ಆಮೇಲೆ ನನ್ನ ವಿಚಾರಣೆ. ಮನ್ಯಾಗ ಮಂದಿ ಎಷ್ಟು? ಖಾರ ಯಾರಿಗೆ ಬೇಕು? ನೀರು ಎಷ್ಟು ದಿನಕ್ಕೊಮ್ಮಿ ಬರತೈತಿ? ಬದನಿಕಾಯಿ ಎಣ್ಣಿಗಾಯಿ ಮಾಡ್ತೀರೋ, ಸುಟ್ಟು ಭರ್ತಾ ಮಾಡ್ತೀರೋ? ಇಪ್ಪತ್ತು ವರ್ಷ ಹುಡುಗರಿಗೆ ಪ್ರಶ್ನೆ ಕೇಳಿ ಬದುಕಿದವನು ನಾನು, ಹೊಲಿಗೆ ಮಷೀನಿನ ಮುಂದೆ ನಿಂತು ತಡವರಿಸಿದೆ. ಕೊನೆಯ ಪ್ರಶ್ನೆಗೆ ನಮ್ಮಾಕಿಯೇ ನಮ್ಮ ಮನೆಯ ಕಟ್ಟೆಯ ಮೇಲಿಂದ “ಎಣ್ಣಿಗಾಯಿ!” ಎಂದು ಕೂಗಿ ನನ್ನನ್ನು ಪಾಸು ಮಾಡಿಸಿದಳು.

ತೀರ್ಪು ಬಂತು. ತೆಳು ಸಿಪ್ಪೆಯ, ನೆರಿಗೆ ಬಿದ್ದ ಹುಳಿ ಜವಾರಿ ಟೊಮೆಟೊ ನಾಲ್ಕು ಸಸಿ. ಖಾರ ತಿನ್ನುವವಳು ನಮ್ಮಾಕಿ ಒಬ್ಬಳೇ ಆದ್ದರಿಂದ ಆಕಾಶಕ್ಕೆ ಮುಖ ಮಾಡಿ ಬಿಡುವ ಗಿಡ್ಡ ಮೆಣಸಿನಕಾಯಿ ಎರಡೇ ಗಿಡ. ಉಳಿದ ಜಾಗವೆಲ್ಲ ಮುಳಗಾಯಿಗೆ. ಅಂದರೆ ತೊಟ್ಟಿಗೆ ಮುಳ್ಳಿರುವ, ಹಸಿರು ಮೈಮೇಲೆ ಬಿಳಿ ಗೀರು ಎಳೆದ ಗುಂಡು ಬದನೆ. “ನಮ್ಮವ್ವ ಹಿರೇವಡ್ಡಟ್ಟಿ ತವರಮನಿಯಿಂದ ತಂದದ್ದು ಇದೊಂದ,” ಎಂದರು. ಅಷ್ಟು ಹೇಳುವಾಗ ಮಾತ್ರ ಅವರ ಧ್ವನಿ ಅಧಿಕಾರಿಯದಾಗಿರಲಿಲ್ಲ.

ಅವರಿಗೆ ಹಿತ್ತಿಲೇ ಇರಲಿಲ್ಲ. ಇದ್ದದ್ದು ಅಂಗಡಿ, ಅದರ ಹಿಂದೊಂದು ಕೋಣೆ. ಹಾಗಾಗಿ ಬೆಟಗೇರಿಯ ಹಿತ್ತಿಲುಗಳನ್ನೆಲ್ಲ ತಮ್ಮವೆಂದೇ ತಿಳಿದಿದ್ದರು. ತಳಿ ಬೆರೆಯಬಾರದೆಂದು ಒಂದು ಮನೆಗೆ ಒಂದೇ ಬಗೆಯ ಬದನೆ, ಮುಳಗಾಯಿ ನಮ್ಮ ಮನೆಗೆ ಮಾತ್ರ. ಮೊದಲ ಫಸಲಿನಲ್ಲಿ ಚೆಂದದ ಕಾಯಿಯೊಂದನ್ನು ಆರಿಸಿ, ಅಂಗಡಿಯ ಚಿಂದಿಯೊಂದನ್ನು ಅದರ ತೊಟ್ಟಿಗೆ ಕಟ್ಟಿ ಹೋಗುತ್ತಿದ್ದರು. ಅದು ಗಿಡದಲ್ಲೇ ಹಳದಿಯಾಗಿ ಮಾಗಬೇಕು, ಅದು ಬೀಜಕ್ಕೆ. ನಮ್ಮ ಮನೆಯ ಕಾಯಿಗೆ ಬಂದದ್ದು ಯಾವನೋ ಪೊಲೀಸಪ್ಪನ ಪ್ಯಾಂಟಿನ ಖಾಕಿ. ನನ್ನ ಹಿತ್ತಿಲಲ್ಲಿ, ನಾನು ನೀರು ಹೊತ್ತು ಬೆಳೆಸಿದ ಗಿಡದಲ್ಲಿ, ನಾನು ಮುಟ್ಟಬಾರದ ಕಾಯಿ! ಇಂಥ ಆಡಳಿತವನ್ನು ಹೊಸ ಜಿಲ್ಲೆಯೂ ಕಂಡಿರಲಿಲ್ಲ.

ಎರಡನೆಯ ವರ್ಷ ಗಿಡಗಳಿಗೆ ರೋಗ ಬಿತ್ತು. ಹಿಂದಿನ ಬೀಜವನ್ನೆಲ್ಲ ಬಿತ್ತಿಯಾಗಿತ್ತು. ಉಳಿದದ್ದು ಎರಡೇ ಗಿಡ. ಆಗಲೇ ನಮ್ಮ ಇಲಾಖೆಯ ಹೊಸ ಸಾಹೇಬರು ಊಟಕ್ಕೆ ಬರಲು ಒಪ್ಪಿದರು. ಎಲೆ ಆರು, ಎಲೆಗೊಂದು ಎಣ್ಣೆಗಾಯಿ. ನಮ್ಮಾಕಿ ಬುಟ್ಟಿ ನೋಡಿ, “ಒಂದ ಕಡಿಮಿ ಬಿತ್ತಲ್ರಿ,” ಎಂದಳು. ನಾನು ಚೂರಿ ಹಿಡಿದು ಹಿತ್ತಿಲಿಗೆ ಹೋದೆ. ಗಿಡದಲ್ಲಿದ್ದದ್ದು ಖಾಕಿ ಕಟ್ಟಿದ್ದೊಂದೇ. ಶಿಕ್ಷಣ ಇಲಾಖೆಯ ಘನತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಯ್ದೆ. ಆ ಕಾಯಿ ಬಿದ್ದದ್ದು ಸಾಹೇಬರ ಎಲೆಗೇ. ದಕ್ಷಿಣದ ಕಡೆಯವರು. ಅರ್ಧ ತಿಂದು ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿ, “ಚೆನ್ನಾಗಿದೆ ಮೇಷ್ಟ್ರೇ, ಬೀಜ ಸ್ವಲ್ಪ ಜಾಸ್ತಿ,” ಎಂದರು.

ಮರುದಿನ ಮುಂಜಾನೆ ಇಮಾಮಸಾಬರು ಬಂದು ಬರಿ ತೊಟ್ಟನ್ನು ನೋಡಿದರು. ಮಣ್ಣಿನಲ್ಲಿ ಬಿದ್ದಿದ್ದ ಖಾಕಿ ಚಿಂದಿಯನ್ನು ಹೆಕ್ಕಿ ಕೊಡವಿದರು.

“ಯಾರ ತಿಂದ್ರು?”

“ನಮ್ಮ ಸಾಹೇಬ್ರು.”

“ಪೂರಾ ತಿಂದ್ರೇನು?”

“ಅರ್ಧಾ ಬಿಟ್ರು. ಎಲಿಗೆ ಒಂದ ಕಡಿಮಿ ಬಿದ್ದಿತ್ತು,” ಎಂದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

“ಒಂದ ಕಡಿಮಿ ಬಿತ್ತಂತ ಹರದ್ರಿ. ಹೌದಲ್ರಿ? ಆತು.”

ಆ ವಾರದಲ್ಲೇ ಎರಡೂ ಗಿಡ ಒಣಗಿದವು. ‘ಆತು’ ಎಂದ ಮೇಲೆ ಅವರು ತಿಂಗಳುಗಟ್ಟಲೆ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ, ಆದರೆ ಅವರು ಹೊಲಿದ ನನ್ನ ಹೊಸ ಅಂಗಿಯ ಎದೆಯ ನಡುವೆ ಕಾಜು ಇತ್ತು, ಗುಂಡಿ ಇರಲಿಲ್ಲ. ಮೈಯೆಲ್ಲ ಉರಿದು ಅಂಗಿ ಹಿಡಿದುಕೊಂಡೇ ರಸ್ತೆ ದಾಟಿದೆ.

“ಇದೇನ್ರಿ ಇದು?”

ಮಷೀನಿನಿಂದ ತಲೆಯೆತ್ತದೆ, “ಒಂದ ಕಡಿಮಿ ಬಿತ್ತು ಮಾಸ್ತರ,” ಎಂದರು.

ದೀಪಾವಳಿಯ ಅಂಗಿಯೂ ಹಾಗೇ ಬಂತು. ಬೇರೆ ಟೇಲರನ ಕಡೆ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವರಂತೆ ಕಾಲರ್ ಕೂರಿಸುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅದೇ ನನ್ನ ಸಂಕಟ. ಎದೆಯ ಮೇಲೊಂದು ಬೇರೆ ಬಣ್ಣದ ಗುಂಡಿ ಹಚ್ಚಿಕೊಂಡು, ಇಡೀ ಹತ್ತನೇ ಇಯತ್ತೆಯ ಮುಂದೆ ವ್ಯಾಕರಣ ಕಲಿಸಿದೆ.

ನಮ್ಮಾಕಿಗೆ ತಡೆಯಲಾಗಲಿಲ್ಲ. ಆಕೆಯೇ ಹೋಗಿ, ಇದಕ್ಕೇನು ಪರಿಹಾರವೆಂದು ಕೇಳಿದಳು. ಡಂಬಳದಲ್ಲಿ ತಮ್ಮ ಅಕ್ಕನ ಮಗಳು ಫಾತಿಮಾಗೆ ಹಿಂದೊಮ್ಮೆ ಅದೇ ಬೀಜ ಕೊಟ್ಟಿದ್ದರಂತೆ, ಆಕೆ ಉಳಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಆ ತಳಿ ಮುಗಿದಂತೆ. “ನಾ ಹೋಗೂದಿಲ್ಲ ಅಕ್ಕಾರ. ಹರದಾವರು ಹೋಗ್ಲಿ,” ಎಂದಿದ್ದರು.

ಹರಿದವನು ರವಿವಾರ ಬಸ್ಸು ಹಿಡಿದು ಹೋದ. ಫಾತಿಮಾ ನನಗೆ ನೀರು ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಶುರು ಹಚ್ಚಿದಳು. “ಮನ್ಯಾಗ ಮಂದಿ ಎಷ್ಟ್ರಿ? ಎಣ್ಣಿಗಾಯಿಗೋ, ಭರ್ತಾಕೋ?” ಮನೆತನದ ರೋಗವೆಂದುಕೊಂಡು ಸಾವಧಾನದಿಂದ ಉತ್ತರಿಸಿದೆ. ಕೊನೆಗೆ ಕೇಳಿದಳು: “ಒಂದ ಕಡಿಮಿ ಬಿದ್ರ ಏನ ಮಾಡ್ತೀರಿ?”

“ನಾ ಉಪ್ಪಿನಕಾಯಿ ಹಚಗೊಂಡು ತಿಂತೀನಿ ತಾಯಿ!” ಎಂದೆ.

ಸೆರಗು ಬಾಯಿಗಿಟ್ಟು ನಕ್ಕಳು. “ಮಾಮಾ ಖಬರ ಕಳಿಸ್ಯಾನ್ರಿ, ಇದನ್ನ ಕೇಳದ ಕೊಡಬ್ಯಾಡಂತ.” ಒಳಗೆ ಹೋಗಿ ಕಡ್ಡಿಪೆಟ್ಟಿಗೆಯಲ್ಲಿ ಬೀಜ ತಂದುಕೊಟ್ಟಳು.

ಗಿಡಗಳು ಎದ್ದವು. ಹಸಿರು ಮೈ, ಬಿಳಿ ಗೀರು, ಅವೇ. ಇಮಾಮಸಾಬರು ಬಂದು ಒಂದು ಕಾಯಿ ಆರಿಸಿ, ಜೇಬಿನಿಂದ ಅದೇ ಖಾಕಿ ಚಿಂದಿ ತೆಗೆದು ಕಟ್ಟಿದರು. ಆಮೇಲೆ ಟೇಪು ಬಿಚ್ಚಿ, ಅಡುಗೆಮನೆಯ ಬಾಗಿಲಿಂದ ಆ ಗಿಡದವರೆಗೆ ಮೊಣಕಾಲೂರಿ ಅಳೆದರು.

“ಹದಿನಾಲ್ಕು ಫೂಟ. ಚೂರಿ ಹಿಡಕೊಂಡ ಬರೂದ್ರಾಗ ವಿಚಾರ ಮಾಡಾಕ ಇಷ್ಟ ದಾರಿ ಸಾಕ್ರಿ ಮಾಸ್ತರ.”

ಕೆಲವು ವರ್ಷಗಳ ಮೇಲೆ ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪದಾದಾಗ ಅಂಗಡಿ ಮುಚ್ಚಿ, ಲಕ್ಷ್ಮೇಶ್ವರದ ಮಗಳ ಮನೆಗೆ ಹೋದರು. ಹೋಗುವ ದಿನ ನಮ್ಮ ಕಟ್ಟೆಯ ಮೇಲೆ ಒಂದು ಅಂಗಿಯನ್ನಿಟ್ಟು, “ಅಳತಿ ತಗೊಂಡಿಲ್ಲ, ಬಾಯಿಪಾಠ ಐತಿ,” ಎಂದರು. ನಾನು ಅವರ ಮುಂದೆಯೇ ಬಿಚ್ಚಿ ಗುಂಡಿ ಎಣಿಸಿದೆ. ಅಷ್ಟೂ ಇದ್ದವು. ಅದೇ ಕೊನೆಯ ಭೇಟಿ. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಡವಾಗಿ, ಮಣ್ಣಿಗೆ ಹೋಗಲಾಗಲಿಲ್ಲ. ಅದೂ ಒಂದು ಸಿಟ್ಟು.

ಮೊನ್ನೆ ಆ ಅಂಗಿಯ ಗುಂಡಿಯೊಂದು ಕಳಚಿಬಿತ್ತು. ಪೇಟೆಯ ಹೊಸ ಟೇಲರನ ಬಳಿ ಒಯ್ದೆ. ಆತ ಅಂಗಿಯನ್ನು ಒಳಹೊರಗು ತಿರುವಿ, ಕೆಳಗಿನ ಮಡಿಕೆಯ ಒಳಗೆ ಬೆರಳಾಡಿಸಿ ನಿಂತ. ಅಲ್ಲೊಂದು ಗುಂಡಿ. ನಾಲ್ಕು ಸಲ ದಾರ ಸುತ್ತಿ ಭದ್ರ ಮಾಡಿ ಹೊಲಿದದ್ದು. ಅದರ ಕೆಳಗೆ ಬೆರಳುಗುರಿನಷ್ಟು ಖಾಕಿ ಬಟ್ಟೆಯ ಚೂರು. ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.

“ಇಲ್ಲೇ ಒಂದ ಹೆಚ್ಚಿಂದ ಐತಲ್ರಿ ಸರ,” ಎಂದು ಆತ ಕತ್ತರಿ ಎತ್ತಿದ. “ಇದನ್ನ ಕಿತ್ತು ಮ್ಯಾಲ ಹಚ್ಚತೀನಿ.”

“ಏ, ಕೈ ಹಚ್ಚಬ್ಯಾಡ!” ಎಂದು ಕೂಗಿದ ರಭಸಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಅದು ಬೀಜಕ್ಕ ಬಿಟ್ಟದ್ದು!”

ಅಂಗಿಯನ್ನು ಕಸಿದುಕೊಂಡು, ಒಂದು ಗುಂಡಿ ಕಡಿಮೆ ಇರುವಂತೆಯೇ ತೊಟ್ಟು ಮನೆಗೆ ಬಂದೆ.