ರಸ್ತೆ ಎಂದು ಬರೆದ ಕಾಲುವೆ

ಕಮಲಾಕ್ಷಿ ಮೇಡಂ ಹಾಜರಿ ಕರೆಯುತ್ತಿದ್ದುದು ನಡೆಯುತ್ತಾ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಕೆರೆಯಂಚಿನ ಜಾಲಿ ಪೊದೆಗಳ ನಡುವೆ ಮುಂದೆ ಮುಂದೆ ಹೋಗುತ್ತಾ ಹೆಸರು ಕೂಗುವರು. ಬಾರದ ಗೆಳೆಯನ ಪರವಾಗಿ ಯಾರಾದರೂ ‘ಪ್ರೆಸೆಂಟ್’ ಎಂದರೆ ತಿರುಗಿಯೂ ನೋಡದೆ, "ಅವ್ನು ಬ್ರೂಕ್‌ಫೀಲ್ಡ್ ರೂಮಲ್ಲಿ ಮಲಗಿದಾನೆ ಕಣೋ, ನೀನ್ಯಾಕೆ ಗಂಟಲು ಹರ್ಕೋತೀಯ?" ಎನ್ನುವರು.

ವೈಟ್‌ಫೀಲ್ಡಿನಲ್ಲಿ ಮೆಟ್ರೊ ಎಂದರೆ ಇನ್ನೂ ಬರೀ ಕಂಬಗಳಾಗಿದ್ದ ಕಾಲ. ಅದರಾಚೆಯ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅವರು ಇಕಲಾಜಿಕಲ್ ಅರ್ಬನಿಸಂ ಕಲಿಸುತ್ತಿದ್ದರು. ಕೆರೆ, ಮರ, ಮಣ್ಣಿನ ಜೊತೆ ನಗರ ಹೇಗೆ ಬಾಳಬೇಕು ಎಂಬ ಪಾಠ. ನಾನು ಮೊದಲು ಅವರ ಶಿಷ್ಯ, ಆಮೇಲೆ ಸಹಾಯಕ. ಇಬ್ಬರೂ ಗುತ್ತಿಗೆಯವರೇ. ಒಂದೇ ಒಂದು ಕಾಯಂ ಹುದ್ದೆ ಬರಲಿತ್ತು, ಅದು ಮೇಡಂದೇ ಎಂದು ಎಲ್ಲರೂ ನಂಬಿದ್ದೆವು.

ಅವರ ಪಾಠದಲ್ಲಿ ಅರ್ಧ ಪಾಲು ಗೇಟಿನ ಸೆಕ್ಯುರಿಟಿ ಮುನಿಯಪ್ಪನದು. ಅವನದು ಆ ಊರಿನ ನೀರಗಂಟಿ ಮನೆತನ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಗದ್ದೆಗಳೆಲ್ಲ ಅಪಾರ್ಟ್‌ಮೆಂಟಾದ ಮೇಲೆ ಅವನಿಗೆ ನೀಲಿ ಸಮವಸ್ತ್ರ ಬಂತು. ಮೇಡಂ ಅವನಿಗೆ ಕುರ್ಚಿ ಹಾಕಿಸಿ, ತಾವು ಹುಡುಗರ ಜೊತೆ ನೆಲದಲ್ಲಿ ಕೂತು ಬರೆದುಕೊಳ್ಳುವರು. "ಈಗ ಬಸ್ಸು ನಿಲ್ಸವ್ರಲ್ಲ, ಅದೇ ದೊಡ್ಡ ಕಾಲ್ವೆ ಕಣಮ್ಮ. ಕೆರೆ ತುಂಬಿ ಕೋಡಿ ಬಿದ್ದಾಗ ನಮ್ಮಪ್ಪ ಎಮ್ಮೆನೂ ಆ ಕಡೆ ಬಿಡ್ತಿರಲಿಲ್ಲ" ಎಂದು ಅವನು ಹೇಳಿದ ದಿನ ನಾನು ರಜೆಯಲ್ಲಿದ್ದೆ.

ಆ ಬೇಸಿಗೆಯಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಜಾಗದ ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸು ನಿಲ್ಲುವ ಜಾಗದ ಅಂಚಿಗೇ ಕಟ್ಟಡ, ಅದರ ನೆಲಮಾಳಿಗೆಯಲ್ಲಿ ಊಟದ ಹಾಲ್ ಬರಬೇಕಿತ್ತು. ಕಾಲುವೆ ಒಣಗಿ, ಬಸ್ಸುಗಳ ಓಡಾಟಕ್ಕೆ ಮಟ್ಟವಾಗಿ ಹೋಗಿತ್ತು. ನಾನು ಅದನ್ನು ರಸ್ತೆ ಎಂದು ಬರೆದೆ. ಮೇಡಂ ಆ ಪದದ ಮೇಲೆ ಬೆರಳಿಟ್ಟರು.

"ಬಸ್ ಓಡಾಡಿದ್ರೆ ರಸ್ತೆ ಆಗ್ಬಿಡತ್ತೇನೋ? ತಿದ್ದು ಇದನ್ನ."

ಆದರೆ ಅದರ ಪ್ರತಿ ಆಗಲೇ ಕುಲಸಚಿವರ ಮೇಜು ಸೇರಿತ್ತು, ಅವರಿಗೆ ಹಿಡಿಸಿಯೂ ಬಿಟ್ಟಿತ್ತು. ಕಾಲುವೆ ಎಂದಿದ್ದರೆ ಅಲ್ಲಿ ಕಟ್ಟಲು ಅನುಮತಿ ಸಿಗುತ್ತಿರಲಿಲ್ಲ. ನಮ್ಮಿಬ್ಬರನ್ನೂ ಕರೆಸಿದರು. "ನೀವೊಂದು ಸೈನ್ ಹಾಕ್ಬಿಡಿ ಮೇಡಂ. ಮುಂದಿನ ವಾರ ನಿಮ್ಮ ಇಂಟರ್‌ವ್ಯೂನೂ ಇದೆಯಲ್ಲ" ಎಂದು ಬಿಸ್ಕೆಟ್ ತಟ್ಟೆ ಮುಂದೆ ಸರಿಸಿದರು.

"ಅದು ಕಾಲ್ವೆ ಸಾರ್. ನಾನ್ ಹಾಕಲ್ಲ."

ಮೇಡಂ ಎದ್ದು ಹೋದರು. ಕುಲಸಚಿವರು ಪೆನ್ನನ್ನು ನನ್ನ ಕಡೆ ತಿರುಗಿಸಿದರು. ಆ ಹುದ್ದೆ ನನಗೆ ಬೇಕಿತ್ತು. ಸಹಿ ಹಾಕಿದೆ, ಹುದ್ದೆ ಬಂತು. ಹಾಸ್ಟೆಲ್ಲಿನ ಪಾಯವೂ ಬಿತ್ತು.

ಮೇಡಂ ಕೆಲಸ ಬಿಟ್ಟು ಹೊರಟ ದಿನ ಅವರ ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ಬಸ್‌ಸ್ಟಾಪಿನ ತನಕ ಹೋದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ಪಾಠ ಚೆನ್ನಾಗೇ ಮಾಡ್ತೀಯ, ಅದ್ರಲ್ಲಿ ನಂಗೆ ಅನುಮಾನ ಇಲ್ಲ" ಎಂದರು. ಬಸ್ಸು ಬಂದಾಗ ನನ್ನ ತೋಳು ಹಿಡಿದುಕೊಂಡರು. "ಕೆರೆ ತುಂಬಿದ ವರ್ಷ ಆ ಹುಡುಗೀರಿಗೆ ಹೇಳು, ಕೆಳಗೆ ಊಟಕ್ಕೆ ಇಳೀಬೇಡಿ ಅಂತ. ಯಾಕೆ ಅಂತ್ಲೂ ಹೇಳು. ಅಷ್ಟು ಮಾಡ್ತೀಯಾ?"

"ಹೇಳ್ತೀನಿ ಮೇಡಂ."

ಮತ್ತೆ ಅವರನ್ನು ನೋಡಲಿಲ್ಲ. ಮರುವರ್ಷ ಧಾರವಾಡದಲ್ಲಿ ತೀರಿಕೊಂಡರು. ನನಗೆ ಅವರು ಬೇಕು ಎನಿಸುತ್ತದೆ, ಎದುರಿಗೆ ಬಂದರೆ ತಲೆ ಎತ್ತಲಾರೆ ಎಂದೂ ಗೊತ್ತು. ಹುಡುಗಿಯರಿಗೆ ಹೇಳು ಎಂದ ಆ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ. ಯಾಕೆ ಎಂದು ಹೇಳಹೋದರೆ ಸಹಿಯ ಕಥೆಯನ್ನೂ ಹೇಳಬೇಕಾಗುತ್ತದೆ.

ಈ ಸಲ ಮಳೆ ಬಿಟ್ಟಿಲ್ಲ. ಮುನಿಯಪ್ಪ ನಿನ್ನೆ ನನ್ನ ಕೋಣೆಗೇ ಬಂದು, "ಸಾರ್, ಕೋಡಿ ಬೀಳಾಕೆ ಇನ್ನು ಎಲ್ಡು ಗೇಣು ಐತೆ" ಎಂದ. ಇವತ್ತು ಮಧ್ಯಾಹ್ನ ಮತ್ತೆ ಬಂದ, ಒದ್ದೆ ಟೋಪಿ ಕೈಲಿ ಹಿಡಿದು, "ಒಂದೇ ಗೇಣು ಸಾರ್" ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತ. ಒಂದು ಗೇಣು ಇದೆಯಲ್ಲ ಎಂದೆ. ಕಿಟಕಿಯಾಚೆ ಹಾಸ್ಟೆಲ್ಲಿನ ಊಟದ ಗಂಟೆ ಹೊಡೆಯಿತು, ಹುಡುಗಿಯರು ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಕೆಳಗಿಳಿಯತೊಡಗಿದರು.