ಓದಿ ಕೇಳಿಸದ ಕಾಗದಕ್ಕೆ ಸಹಿ ಇಲ್ಲ

ಬೆಳಗಿನ ಆರೂಕಾಲು. ದಿನಕ್ಕೆ ಆರು ಸಾವಿರ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳು ಇನ್ನೂ ಸುಮ್ಮನಿವೆ. ಅಂಟಿನ ಡ್ರಮ್ಮಿನ ಪಕ್ಕ ನಿಂತ ಗುಮಾಸ್ತೆ ಕನ್ನಡಕ ಏರಿಸಿಕೊಂಡು ವಿಮೆಯ ಕಾಗದವೊಂದನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ನಲವತ್ತೊಂದು ಮಂದಿ ಕಾರ್ಮಿಕರು ಸುತ್ತ ನಿಂತು ಕೇಳುತ್ತಿದ್ದಾರೆ. ಎಲ್ಲರ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈಕಟ್ಟಿ ನಿಂತವರು ಕಾರ್ಖಾನೆಯ ಯಜಮಾನರು. ಅವರು ಅಲ್ಲಿಗೆ ಬಂದು ನಿಲ್ಲಲು ಮೂರು ವರ್ಷ ಹಿಡಿಯಿತು.

ಗುಮಾಸ್ತೆಯನ್ನು ಎಲ್ಲರೂ ಓದಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆಂಟು, ಇಲ್ಲಿ ಸೇರಿ ಮೂವತ್ತೊಂದು ವರ್ಷ. ತಾಯಿಯೂ ಇಲ್ಲೇ ಅಂಟು ಹಚ್ಚುತ್ತಿದ್ದವರು. ಕತ್ತರಿಸುವ ಯಂತ್ರಕ್ಕೆ ಎರಡು ಬೆರಳು ಹೋದಾಗ ಯಾರೋ ಕಾಗದ ಚಾಚಿದರು, ಆಕೆ ಹೆಬ್ಬೆಟ್ಟು ಒತ್ತಿದರು.

"ಪರಿಹಾರ ಏನೂ ಬೇಡ ಅಂತ ಅದರಲ್ಲಿ ಬರೆದಿತ್ತು. ಅಮ್ಮಂಗೆ ಅದು ಗೊತ್ತಾಗಿದ್ದು ವರ್ಷ ಕಳೆದ ಮೇಲೆ. ಆವತ್ತಿಂದ ನಂದು ಒಂದೇ ಹಟ. ಕೆಲಸದವರ ಹೆಸರಿರೋ ಕಾಗದ ಮೊದಲು ಅವರ ಕಿವಿಗೆ ಬೀಳ್ಬೇಕು. ಆಮೇಲೆ ಸಹಿ," ಎಂದು ಓದಕ್ಕ ನನಗೆ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಬೆಣ್ಣೆ ಮಾತಿನ ವಿಮಾ ಏಜೆಂಟ್ ಒಬ್ಬ ಬಂದ. ತಂದದ್ದು 'ಕಾರ್ಮಿಕರ ಕ್ಷೇಮ ಯೋಜನೆ'. ಕಂತನ್ನು ಕಾರ್ಖಾನೆಯ ಖರ್ಚಿಗೆ ಬರೆದರೆ ತೆರಿಗೆ ಇಳಿಯುತ್ತದೆ. ಕಟ್ಟಿದ ಹಣ ಮಾತ್ರ ಯಜಮಾನರ ಮತ್ತು ಅವರ ಹೆಂಡತಿಯ ಪಾಲಿಸಿಯಲ್ಲಿ ಬೆಳೆಯುತ್ತದೆ.

"ಕೆಲಸದವರಿಗೆ ಏನು ಸಿಗುತ್ತೆ?" ಎಂದು ಓದಕ್ಕ ಕೇಳಿದರು.

"ಪಟ್ಟಿಯಲ್ಲಿ ಹೆಸರಿರುತ್ತಲ್ಲ ಮೇಡಂ," ಎಂದು ಅವನು ನಕ್ಕ.

'ಕಾರ್ಮಿಕರಿಗೆಲ್ಲ ತಿಳಿಸಲಾಗಿದೆ' ಎಂಬ ಹೇಳಿಕೆಗೆ ಓದಕ್ಕ ಸಹಿ ಹಾಕಲಿಲ್ಲ. ಯಜಮಾನರೇ ಹಾಕಿದರು. ವಾರದೊಳಗೆ ಓದಕ್ಕನ ಮೇಜು ಕಿಟಕಿಯ ಬದಿಯಿಂದ ಅಂಟಿನ ಕೋಣೆಗೆ ಹೋಯಿತು.

ಈ ವರ್ಷ ತೆರಿಗೆ ತಪಾಸಣೆಯ ನೋಟಿಸು ಬಂತು. ಯೋಜನೆ ಬರೀ ತೋರಿಕೆಯದು ಎಂದಾದರೆ ಮೂರೂ ವರ್ಷದ ತೆರಿಗೆ, ಮೇಲೆ ಬಡ್ಡಿ, ದಂಡ. ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟ. ಯಜಮಾನರು ಅಂಟಿನ ಕೋಣೆಗೆ ಬಂದರು.

"ಅಕ್ಕ, ಹಳೇ ತಾರೀಖು ಹಾಕಿ ಒಂದು ಸಹಿ ಮಾಡಿ. ಎಲ್ಲರಿಗೂ ಓದಿ ಹೇಳಿದ್ದೆ ಅಂತ. ನಿಮ್ಮ ಮಾತನ್ನ ಯಾರೂ ಅನುಮಾನಿಸಲ್ಲ."

"ಅದಕ್ಕೇ ಮಾಡಲ್ಲ ಯಜಮಾನ್ರೆ."

"ಕಾರ್ಖಾನೆ ಮುಚ್ಚಿದ್ರೆ?"

"ನಿಮ್ಮಪ್ಪನ ಕಾಲದಲ್ಲಿ ಬೆಂಕಿ ಬಿದ್ದಾಗ್ಲೇ ಮುಚ್ಚಿಲ್ಲ. ನಿಜ ಹೇಳಿದ್ರೆ ಮುಚ್ಚುತ್ತಾ?"

ಮಧ್ಯಾಹ್ನ ಕಾರ್ಮಿಕರೇ ಬಂದು ಗೋಗರೆದರು. "ಸುಮ್ನೆ ಹಾಕಕ್ಕ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ."

ಓದಕ್ಕ ಜಗ್ಗಲಿಲ್ಲ. "ಹಸಿ ಅಂಟಿನ ಪೆಟ್ಟಿಗೆ ನೋಡೋಕೆ ಚೆನ್ನಾಗೇ ಇರುತ್ತೆ. ಎತ್ತಿದ್ರೆ ತಳ ಕಳಚುತ್ತೆ. ನಿಮಗೆ ನಾನು ಹೇಳ್ಬೇಕಾ?"

ತಪಾಸಣೆಗೆ ಬಂದ ಅಧಿಕಾರಿ ಪಟ್ಟಿಯ ಕೊನೆಯ, ನಲವತ್ತೆರಡನೆಯ ಹೆಸರಿನ ಮೇಲೆ ಬೆರಳಿಟ್ಟರು. "ಡುಮ್ಮ, ಕಾವಲು. ಕರೀರಿ ಅವರನ್ನ."

ಓದಕ್ಕ ಸಿಳ್ಳೆ ಹಾಕಿದರು. ಗೇಟಿನ ನಾಯಿ ಓಡಿ ಬಂದು ಅಧಿಕಾರಿಯ ಬೂಟು ಮೂಸಿತು. ಅದರ ಊಟದ ಖರ್ಚು ಬರೆಯಲು ಬೇರೆ ಜಾಗವಿಲ್ಲವೆಂದು ಓದಕ್ಕನೇ ಹಾಜರಿ ಪುಸ್ತಕದ ಕೊನೆಗೆ ಅದರ ಹೆಸರು ಸೇರಿಸಿದ್ದರು. ಏಜೆಂಟ್ ಅದನ್ನೇ ಯೋಜನೆಯ ಪಟ್ಟಿಗೆ ಕಣ್ಣುಮುಚ್ಚಿ ನಕಲು ಮಾಡಿದ್ದ.

"ಅಲ್ಲಿ ಬರೆದಿದ್ದು ನನ್ನ ತಪ್ಪೇ," ಎನ್ನುತ್ತಾರೆ ಓದಕ್ಕ. "ಆದ್ರೆ ಆ ಪಟ್ಟಿಯನ್ನ ಒಂದೇ ಒಂದು ಸಲ ಎಲ್ಲರ ಮುಂದೆ ಓದಿದ್ರೆ, ಅಲ್ಲೇ ಎಲ್ರೂ ನಗ್ತಿದ್ರು. ಅಷ್ಟಕ್ಕೇ ನಿಲ್ತಿತ್ತು."

ದಂಡ ಬಿತ್ತು. ಯಜಮಾನರು ಪಾಲಿಸಿಗಳನ್ನು ಮುರಿಸಿ, ಕಾರು ಮಾರಿ ಕಟ್ಟಿದರು. ಕಾರ್ಖಾನೆ ಮುಚ್ಚಲಿಲ್ಲ. ಹೋದ ವಾರ ಅವರೇ ಹೊಸ ಕಾಗದ ತಂದು ಅಂಟಿನ ಕೋಣೆಯ ಮೇಜಿನ ಮೇಲಿಟ್ಟರು: ಅಪಘಾತ ವಿಮೆ, ಹಣ ಸಲ್ಲುವುದು ಕಾರ್ಮಿಕರಿಗೇ. "ಓದ್ತೀನಿ. ನೀವೂ ಬಂದು ನಿಂತು ಕೇಳಿ," ಎಂದರು ಓದಕ್ಕ.

ಕಿಟಕಿ ಬದಿಯ ಜಾಗ ಮತ್ತೆ ಬೇಡವೇ ಎಂದು ಕೇಳುತ್ತೇನೆ. "ಬೇಡ. ಇಲ್ಲಿಂದ ಕತ್ತರಿಸೋ ಯಂತ್ರ ಕಾಣುತ್ತೆ."

ಓದು ಮುಗಿದಿದೆ. ಒಬ್ಬೊಬ್ಬರಾಗಿ ಬಂದು ಸಹಿ ಹಾಕುತ್ತಾರೆ. "ಡುಮ್ಮನ್ನ ಯಾಕಕ್ಕ ಬಿಟ್ಟೆ?" ಎಂದು ಅಂಟು ಹಚ್ಚುವಾಕೆ ಕೆಣಕುತ್ತಾಳೆ.

ಓದಕ್ಕ ಪೆನ್ನನ್ನು ಯಜಮಾನರತ್ತ ಚಾಚುತ್ತಲೇ ಉತ್ತರಿಸುತ್ತಾರೆ. "ಅವನಿಗೂ ಓದಿ ಹೇಳ್ದೆ. ಅರ್ಥ ಆಯ್ತಾ ಅಂದ್ರೆ ಬಾಲ ಅಲ್ಲಾಡಿಸ್ದ. ಬಾಲ ಅಲ್ಲಾಡಿಸೋದನ್ನ ನಾನು ಸಹಿ ಅಂತ ತಗೊಳ್ಳಲ್ಲ."