ಕತ್ತರಿಯಲ್ಲಿ ಕೊರೆದ ಗುಹೆ

ಹೋದ ವಾರ ಸುಲ್ತಾನ್‌ಪೇಟೆಯ ನನ್ನ ಅಂಗಡಿಗೆ ಬಂದ ಮಹಿಳೆಯೊಬ್ಬರು ಹಳೆಯ ಲಗ್ನಪತ್ರಿಕೆಯೊಂದನ್ನು ಮೇಜಿನ ಮೇಲಿಟ್ಟರು. ಗುಹೆಯ ಬಾಗಿಲಿನ ಆಕಾರಕ್ಕೆ ಕತ್ತರಿಸಿದ ಪತ್ರಿಕೆ. ಅಂಚು ಅಲ್ಲಲ್ಲಿ ಸೊಟ್ಟ. ಆ ಸೊಟ್ಟ ನನ್ನ ಕೈಯದೇ… ನೋಡಿದ ಕೂಡಲೇ ಗೊತ್ತಾಯಿತು. ಬಂದವರು ನಮ್ಮ ಡ್ರಾಯಿಂಗ್ ಮೇಷ್ಟ್ರ ಮಗಳು. ಪತ್ರಿಕೆ ಅವರದೇ ಮದುವೆಯದು.

ಮೇಷ್ಟ್ರು ವೈಯಾಲಿಕಾವಲ್‌ನವರು, ಬೌದ್ಧರು. ಬೇಸಿಗೆ ರಜೆ ಬಂತೆಂದರೆ ಪುಣೆ ಕಡೆಯ ಬೌದ್ಧ ಗುಹೆಗಳಿಗೆ ಹೋಗಿ ಬರುತ್ತಿದ್ದರು. ಬೆಟ್ಟದ ಹೊಟ್ಟೆ ಕೊರೆದು ಮಾಡಿದ ಗುಡಿ, ಸಾಲು ಕಂಬಗಳು, ಬಾಗಿಲ ಪಕ್ಕದ ಗೋಡೆಯಲ್ಲಿ ಕೆತ್ತಿದ ಗಂಡ-ಹೆಂಡಿರ ಜೋಡಿಗಳು… ಕ್ಲಾಸಿನಲ್ಲಿ ಹೂದಾನಿ ಬರೆಸುವುದು ಬಿಟ್ಟು ಅದನ್ನೇ ಬರೆಸುತ್ತಿದ್ದರು. ಮಗಳ ಮದುವೆಗೂ ಆ ಬಾಗಿಲು, ಆ ಜೋಡಿಗಳನ್ನು ತಾವೇ ಬರೆದು ತಂದು ನನ್ನ ಕೈಗೆ ಕೊಟ್ಟರು.

ನಾನಾಗ ಹೊಸದಾಗಿ ಅಂಗಡಿ ಹಾಕಿದ್ದೆ. ಲಗ್ನಪತ್ರಿಕೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ. ಕಮಾನಿನ ಮೇಲೆ ಜಾಗ ಖಾಲಿಯಿತ್ತು. ಪಾಪ, ಮರೆತಿದ್ದಾರೆ ಎಂದು, ಎಲ್ಲ ಪತ್ರಿಕೆಗೂ ಹಾಕುವ ಹಾಗೆ ಗಣೇಶನನ್ನು ಕೂರಿಸಿ ಅಷ್ಟನ್ನೂ ಅಚ್ಚು ಹಾಕಿಸಿಬಿಟ್ಟೆ. ಹೊರಗೂರಿನವರ ಪತ್ರಿಕೆಗಳು ಮಾರನೆಯ ದಿನವೇ ಅಂಚೆಗೆ ಬೀಳಬೇಕಿತ್ತು.

ಪತ್ರಿಕೆ ನೋಡಿ ಮೇಷ್ಟ್ರ ಮುಖ ಸಣ್ಣದಾಯಿತು. ಬೌದ್ಧರ ಮದುವೆ ಪತ್ರಿಕೆಗೆ ಗಣೇಶನನ್ನು ಹಾಕಿದ್ದೆ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

“ಮೇಲೊಂದು ಬಿಳಿ ಕಾಗದ ಅಂಟಿಸಿ ಮುಚ್ಚಿಬಿಡ್ಲಾ ಸಾರ್?” ಅಂದೆ.

“ದೇವರ ಮುಖಕ್ಕೆ ಕಾಗದ ಅಂಟಿಸ್ತೀಯೇನಯ್ಯ?” ಅಂದರು. ಆಮೇಲೆ ಕಮಾನಿನ ಗೆರೆಯ ಮೇಲೆ ಬೆರಳಾಡಿಸಿದರು. “ಗುಹೆ ಕೊರೆಯೋರು ತೆಗೆದ ಕಲ್ಲನ್ನ ಮತ್ತೆ ಅಂಟಿಸೋಕಾಗಲ್ಲ. ಉಳಿ ತಪ್ತಾ, ಇನ್ನೊಂಚೂರು ಕೊರೀಬೇಕು ಅಷ್ಟೆ. ಕತ್ತರಿ ಕೊಡು.”

ಕಮಾನಿನ ಗೆರೆ ಹಿಡಿದು ಕತ್ತರಿಸಿದರು. ಗುಹೆ ಒಂದು ಕೈಯಲ್ಲಿ ಉಳಿಯಿತು, ಗಣೇಶ ಇನ್ನೊಂದು ಕೈಗೆ ಮುಕ್ಕಾಗದೆ ಬಂದ. “ಇವನ್ನ ನಿಮ್ಮನೆ ದೇವರ ಮನೇಲಿಡು,” ಎಂದು ನಕ್ಕರು. ಸಂಜೆಯವರೆಗೆ ಇಬ್ಬರೂ ಕತ್ತರಿಸಿದೆವು. ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಮದುವೆಯಲ್ಲಿ ಎಲ್ಲರದೂ ಪತ್ರಿಕೆಯದೇ ಮಾತು. ‘ಗುಹೆ ಮಾಡೆಲ್’ ಬೇಕೆಂದು ಮಲ್ಲೇಶ್ವರ, ಚಾಮರಾಜಪೇಟೆಯಿಂದ ಜನ ಹುಡುಕಿಕೊಂಡು ಬಂದರು. ನನ್ನ ಅಂಗಡಿ ನಿಂತದ್ದೇ ಅದರಿಂದ. ಯಾರ ಐಡಿಯಾ ಎಂದು ಕೇಳಿದರೆ “ನಂದೇ” ಅನ್ನುತ್ತಿದ್ದೆ. ಒಮ್ಮೆ ಮೇಷ್ಟ್ರು ಎದುರಿಗೇ ಕೂತಿದ್ದಾಗಲೂ ಅಂದೆ. ಅವರು ಸುಮ್ಮನೆ ಟೀ ಕುಡಿದರು. ಒಂದು ದಿನ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು… ಮೇಷ್ಟ್ರೂ ಹೋದರು.

ಈಗ ಅವರ ಮಗಳು ತಮ್ಮ ಮಗಳ ಮದುವೆಗೆ ಅಂಥದೇ ಪತ್ರಿಕೆ ಬೇಕೆಂದರು.

“ಮನೆಗೆ ಬಂದೋರಿಗೆಲ್ಲ ಅಪ್ಪ ಇದನ್ನ ತೋರಿಸೋರು ಅಣ್ಣ. ‘ನನ್ನ ಸ್ಟೂಡೆಂಟ್ ತಲೆ ನೋಡಿ, ಎಂಥಾ ಐಡಿಯಾ ಮಾಡಿದಾನೆ’ ಅನ್ನೋರು.”

ಕುರ್ಚಿ ಎಳೆದು ಹಾಕಿದೆ. “ಕೂತ್ಕೊಳಮ್ಮ,” ಅಂದೆ. “ಐಡಿಯಾ ನಿಮ್ಮಪ್ಪಂದು. ನಂದು ಬರೀ ತಪ್ಪು.”

ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹೊಸ ಪತ್ರಿಕೆಯಲ್ಲಿ, ನನ್ನ ಅಂಗಡಿಯ ಹೆಸರು ಬರುತ್ತಿದ್ದ ಜಾಗದಲ್ಲಿ ಮೇಷ್ಟ್ರ ಹೆಸರು ಹಾಕಿಸುತ್ತಿದ್ದೇನೆ. ಅವರಿಗೆ ತೋರಿಸುವ ಭಾಗ್ಯ ಮಾತ್ರ ನನಗಿಲ್ಲ.